ಬಾತುಕೋಳಿಯ ಬೆನ್ನೇರಿ ಬಂದ ಜ್ವರ

ಕೇರಳದ ಕುಟ್ಟನಾಡಿನಲ್ಲಿ ಬಾತುಕೋಳಿ ಮಾರಾಟಕ್ಕೆ ವರ್ಷದಲ್ಲಿ ಎರಡು ಸುಗ್ಗಿ. ಒಂದು ಕ್ರಿಸ್‌ಮಸ್, ಇನ್ನೊಂದು ಈಸ್ಟರ್. ಈ ಎರಡು ಹಬ್ಬಗಳ ಲೆಕ್ಕ ಇಟ್ಟುಕೊಂಡೇ ಅಲ್ಲಿನ ಸಾಕಣೆದಾರರು ಮರಿ ತರುತ್ತಾರೆ, ಸಾಲ ಮಾಡುತ್ತಾರೆ, ಮೇಯಿಸಲು ಗದ್ದೆ ಗೊತ್ತು ಮಾಡಿಕೊಳ್ಳುತ್ತಾರೆ. 2014ರ ನವೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಇನ್ನೊಂದು ತಿಂಗಳಿರುವಾಗ, ಆಲಪ್ಪುಳ, ಕೋಟ್ಟಯಂ ಮತ್ತು ಪತ್ತನಂತಿಟ್ಟ ಜಿಲ್ಲೆಗಳಲ್ಲಿ ಬಾತುಗಳು ಹಿಂಡುಹಿಂಡಾಗಿ ಸಾಯತೊಡಗಿದವು. ಕತ್ತು ತಿರುಚಿಕೊಂಡು ನಿಂತಲ್ಲೇ ಸುತ್ತುವುದು, ಪೊರೆ ಬಂದಂತೆ ಕಣ್ಣು ಬೆಳ್ಳಗಾಗುವುದು, ಈಜುತ್ತಿದ್ದ ಹಕ್ಕಿ ನೀರಿನಲ್ಲೇ ಮಗುಚಿಕೊಳ್ಳುವುದು. ಬಾತು ಸಾಕುವವರಿಗೆ ರೋಗಗಳೇನೂ ಹೊಸದಲ್ಲ. ಬಾತುಗಳ ಪ್ಲೇಗ್, ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾದ ಬೇನೆ ಎರಡನ್ನೂ ಅವರು ಕಂಡವರೇ. ಆದರೆ ಭೋಪಾಲದ ಪ್ರಯೋಗಾಲಯದಿಂದ ಬಂದ ಉತ್ತರ ಬೇರೆಯಾಗಿತ್ತು. ಅದು ಎಚ್5ಎನ್1, ಹಕ್ಕಿ ಜ್ವರ.

ಮುಂದಿನದು ಸರ್ಕಾರಿ ಕ್ರಮದಂತೆ ನಡೆಯಿತು. ರೋಗ ಕಂಡ ಜಾಗದಿಂದ ಒಂದು ಕಿಲೋಮೀಟರ್ ಸುತ್ತಿನಲ್ಲಿದ್ದ ಸಾಕುಹಕ್ಕಿಗಳನ್ನೆಲ್ಲ ಕೊಲ್ಲಬೇಕು, ಹತ್ತು ಕಿಲೋಮೀಟರ್‌ವರೆಗೆ ಕಣ್ಗಾವಲು ಇಡಬೇಕು. ಬೇರೆ ಕಡೆಗಳಲ್ಲಿ ಕೊಂದ ಹಕ್ಕಿಗಳನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುತ್ತಾರೆ. ಕುಟ್ಟನಾಡಿನಲ್ಲಿ ಅದು ಸುಲಭವಲ್ಲ. ಅಲ್ಲಿನ ಗದ್ದೆಗಳು ಸಮುದ್ರಮಟ್ಟಕ್ಕಿಂತ ಕೆಳಗಿವೆ, ಕೆಲವು ಕಡೆ ಎರಡು ಮೀಟರಿನಷ್ಟು. ಗುಂಡಿ ತೋಡಿದರೆ ನೀರು ಬರುತ್ತದೆ. ಹಾಗಾಗಿ ಸೌದೆ ಒಟ್ಟಿ ಸುಟ್ಟರು. ಮೈತುಂಬ ರಕ್ಷಾಕವಚ ತೊಟ್ಟ ಸಿಬ್ಬಂದಿ ಗದ್ದೆಯ ಬದುವಿನ ಮೇಲೆ ಬೆಂಕಿ ಹಾಕಿ, ಆಗಷ್ಟೇ ಮೊಟ್ಟೆಯಿಡುತ್ತಿದ್ದ ಬಾತುಗಳನ್ನು ಮೂಟೆ ಕಟ್ಟಿ ಎಸೆಯುವ ಚಿತ್ರಗಳು ಆ ದಿನಗಳ ಪತ್ರಿಕೆಗಳಲ್ಲಿ ಬಂದವು. ಅಂದಿನಿಂದ 2016, 2021, 2024 ಹೀಗೆ ರೋಗ ಮತ್ತೆಮತ್ತೆ ಅಲ್ಲಿಗೇ ಮರಳಿದೆ.

ಇಲ್ಲಿ ಏಳುವ ಪ್ರಶ್ನೆ ಕುಟ್ಟನಾಡಿಗೆ ಮಾತ್ರ ಸೇರಿದ್ದಲ್ಲ. ಹಕ್ಕಿ ಜ್ವರದ ಕಳೆದ ಮೂವತ್ತು ವರ್ಷಗಳ ಕಥೆಯಲ್ಲಿ ಎಲ್ಲಿ ನೋಡಿದರೂ ನೀರು, ಭತ್ತದ ಗದ್ದೆ ಮತ್ತು ಬಾತು ಒಟ್ಟಿಗೆ ಕಾಣುತ್ತವೆ. ಅದೇಕೆ?

ರೋಗ ಹಳೆಯದು. 1878ರಲ್ಲಿ ಇಟಲಿಯ ಪೆರೊನ್ಚಿತೊ ಎಂಬ ವಿಜ್ಞಾನಿ ಉತ್ತರ ಇಟಲಿಯ ಕೋಳಿಗಳಲ್ಲಿ ಕಂಡ ಭೀಕರ ಸಾವನ್ನು ವಿವರಿಸಿದ. ಅದಕ್ಕೆ ಬಿದ್ದ ಹೆಸರು ಕೋಳಿಗಳ ಪ್ಲೇಗ್. 1901ರ ಹೊತ್ತಿಗೆ ಇದಕ್ಕೆ ಕಾರಣವಾದದ್ದು ಬ್ಯಾಕ್ಟೀರಿಯಾ ಹಿಡಿಯುವ ಸೋಸುಕದಲ್ಲೂ ನುಸುಳುವಷ್ಟು ಸಣ್ಣದು ಎಂದು ತಿಳಿಯಿತು. ಅದು ಮನುಷ್ಯರಿಗೆ ಬರುವ ಫ್ಲೂ ಕುಲಕ್ಕೇ ಸೇರಿದ ವೈರಸ್ ಎಂದು ಜರ್ಮನಿಯ ವರ್ನರ್ ಶೇಫರ್ ತೋರಿಸಿದ್ದು ಮಾತ್ರ 1955ರಲ್ಲಿ. ಅಲ್ಲಿಯವರೆಗೆ, ಅದರ ನಂತರವೂ ಕೆಲಕಾಲ, ಎಲ್ಲರ ಗಮನ ಕೋಳಿಯ ಮೇಲಿತ್ತು. ಸಾಯುವುದು ಕೋಳಿಯಲ್ಲವೆ?

ಕನ್ನಡದಲ್ಲಿ ಬಾತುಕೋಳಿ ಎಂಬ ಹೆಸರಿನೊಳಗೇ ಕೋಳಿ ಇದೆ. ಇವೆರಡೂ ಒಂದೇ ಬಳಗದವು ಎಂಬ ಭಾವನೆ ಅದರಿಂದ ಸಹಜವಾಗಿಯೇ ಬರುತ್ತದೆ. ಈ ರೋಗದ ಮಟ್ಟಿಗಂತೂ ಇವೆರಡರ ನಡುವಿನ ಅಂತರ ದೊಡ್ಡದು. 1970ರ ದಶಕದಲ್ಲಿ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಕಾಡು ಹಕ್ಕಿಗಳನ್ನು ಪರೀಕ್ಷಿಸುತ್ತ ಹೋದ ವಿಜ್ಞಾನಿಗಳಿಗೆ ಅಚ್ಚರಿ ಕಾದಿತ್ತು. ಆರೋಗ್ಯವಾಗಿ ಈಜುತ್ತಿದ್ದ ಕಾಡು ಬಾತುಗಳಲ್ಲಿ ಫ್ಲೂ ವೈರಸ್ ಸಿಕ್ಕಿತು. ರಾಬರ್ಟ್ ವೆಬ್‌ಸ್ಟರ್ ಮತ್ತು ಸಂಗಡಿಗರು 1978ರಲ್ಲಿ ಅದರ ಗುಟ್ಟನ್ನು ಬಿಡಿಸಿದರು. ಮನುಷ್ಯನಲ್ಲಿ ಶ್ವಾಸನಾಳದ ರೋಗವಾಗಿರುವ ಫ್ಲೂ, ಬಾತಿನಲ್ಲಿ ಕರುಳಿನ ವಾಸಿ. ಕರುಳಿನಲ್ಲಿ ಬೆಳೆದು ಹಿಕ್ಕೆಯೊಂದಿಗೆ ನೀರಿಗೆ ಬೀಳುತ್ತದೆ. ಇನ್ನೊಂದು ಬಾತು ಆ ನೀರು ಕುಡಿದರೆ ಮುಗಿಯಿತು, ಅದಕ್ಕೂ ದಾಟಿತು. ಬಾತಿಗೆ ಕೆಮ್ಮಿಲ್ಲ, ಜ್ವರವಿಲ್ಲ. ತಣ್ಣನೆಯ ನೀರಿನಲ್ಲಿ ಈ ವೈರಸ್ ಒಂದು ತಿಂಗಳವರೆಗೂ ಜೀವ ಹಿಡಿದಿರಬಲ್ಲದು. ಕೆನಡಾದ ಕೆಲವು ಸರೋವರಗಳಲ್ಲಿ ನೀರನ್ನು ಹಾಗೆಯೇ ಮೊಗೆದು ಪರೀಕ್ಷಿಸಿದಾಗಲೂ ಅದು ದೊರೆತಿತ್ತು.

ಇದು ಬಹುಕಾಲದ ಹೊಂದಾಣಿಕೆ. ವೈರಸ್ಸಿಗೆ ಮನೆ ಸಿಕ್ಕಿತು, ಬಾತಿಗೆ ಕೇಡಿಲ್ಲ. ಈ ಹೊಂದಾಣಿಕೆ ಕೆಡುವುದು ವೈರಸ್ ಕೋಳಿಗೆ ದಾಟಿದಾಗ. ಸಾವಿರಾರು ಕೋಳಿಗಳು ಒಂದೇ ಶೆಡ್ಡಿನಲ್ಲಿ ಒತ್ತೊತ್ತಾಗಿರುವಲ್ಲಿ ವೈರಸ್ ಒಂದರಿಂದ ಒಂದಕ್ಕೆ ಬೇಗಬೇಗ ಹರಡುತ್ತದೆ, ಹರಡುತ್ತಲೇ ಬದಲಾಗುತ್ತದೆ. ಎಚ್5 ಮತ್ತು ಎಚ್7 ಎಂಬ ಎರಡು ಬಗೆಗಳಲ್ಲಿ ಆ ಬದಲಾವಣೆ ಪ್ರಾಣಾಂತಕವಾಗಬಲ್ಲದು. ಕರುಳು, ಶ್ವಾಸನಾಳಗಳಲ್ಲಷ್ಟೇ ಬೆಳೆಯಬಲ್ಲ ವೈರಸ್ಸಿಗೆ ಆಗ ಮಿದುಳು, ಹೃದಯ, ಪಿತ್ತಜನಕಾಂಗ ಎಲ್ಲದರ ಬಾಗಿಲೂ ತೆರೆದುಕೊಳ್ಳುತ್ತದೆ. ಎರಡು ದಿನದಲ್ಲಿ ಶೆಡ್ಡು ಬರಿದಾಗುತ್ತದೆ.

ಸಾಕು ಬಾತು ಈ ಎರಡು ಲೋಕಗಳ ನಡುವೆ ಇದೆ. ಅದು ಕಾಡು ಬಾತಿನ ಜೊತೆ ಅದೇ ಕೆರೆಯಲ್ಲಿ ಈಜುತ್ತದೆ, ಸಂಜೆ ಹಿತ್ತಲಿಗೆ ಬಂದು ಕೋಳಿಯ ಜೊತೆ ಕಾಳು ಹೆಕ್ಕುತ್ತದೆ. ಈ ಸೇತುವೆಯನ್ನು ಕಟ್ಟಿದವನು ರೈತ, ಅದೂ ಬಹಳ ಹಿಂದೆಯೇ. ದಕ್ಷಿಣ ಚೀನಾದ ಭತ್ತದ ಗದ್ದೆಗಳಲ್ಲಿ ಬಾತು ಬರಿಯ ಮಾಂಸವಲ್ಲ, ಕೂಲಿಯಾಳು. ಏಡಿ, ಬಸವನಹುಳು, ಕೀಟ, ಕಳೆ ತಿಂದು ಪೈರನ್ನು ಕಾಯುತ್ತದೆ, ಗೊಬ್ಬರ ಹಾಕುತ್ತದೆ, ಕೊಯ್ಲಾದ ಮೇಲೆ ಉದುರಿದ ಕಾಳು ತಿಂದು ಕೊಬ್ಬುತ್ತದೆ. ಮಿಂಗ್ ಅರಸರ ಕಾಲದಷ್ಟು ಹಿಂದೆಯೇ ಮಿಡತೆ ಕಾಟಕ್ಕೆ ಬಾತು ಬಿಡುವ ಉಪಾಯ ಅಲ್ಲಿನವರಿಗೆ ತಿಳಿದಿತ್ತು. ಕ್ರಿಮಿನಾಶಕವಿಲ್ಲದ ಬೇಸಾಯ ಎಂದು ಇಂದು ಕೊಂಡಾಡುವುದೆಲ್ಲ ಅಲ್ಲಿ ಶತಮಾನಗಳಿಂದ ನಡೆದುಬಂದಿತ್ತು. ಹಾಂಗ್‌ಕಾಂಗ್‌ನಲ್ಲಿದ್ದ ಕೆನೆಡಿ ಶಾರ್ಟ್‌ರಿಜ್ ಇದರ ಇನ್ನೊಂದು ಮುಖವನ್ನು ನೋಡಿದರು. ಮನುಷ್ಯ, ಹಂದಿ, ಬಾತು ಇಷ್ಟು ಹತ್ತಿರ ಬದುಕುವ ದಕ್ಷಿಣ ಚೀನಾವೇ ಹೊಸ ಫ್ಲೂಗಳ ಹುಟ್ಟುನೆಲ ಆಗಿರಬಹುದೆ ಎಂದು 1982ರಲ್ಲಿ ಅವರು ಮತ್ತು ಸ್ಟುವರ್ಟ್ ಹ್ಯಾರಿಸ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಕೇಳಿದರು. ಆಗ ಅದು ಪಂಡಿತರ ಚರ್ಚೆಯಾಗಿ ಉಳಿಯಿತು.

1996ರಲ್ಲಿ ಅದೇ ಪ್ರದೇಶದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಸಾಕಿದ ಹೆಬ್ಬಾತುಗಳು ಸತ್ತವು. ಅವುಗಳಿಂದ ಎಚ್5ಎನ್1 ವೈರಸ್ಸನ್ನು ಬೇರ್ಪಡಿಸಲಾಯಿತು. ಇಂದು ಲೋಕವನ್ನೆಲ್ಲ ಸುತ್ತುತ್ತಿರುವ ಎಚ್5 ಸಂತತಿಯ ಮೂಲಪುರುಷ ಈ ಹೆಬ್ಬಾತಿನ ವೈರಸ್. ಮರುವರ್ಷವೇ, 1997ರಲ್ಲಿ, ಅದು ಹಾಂಗ್‌ಕಾಂಗ್‌ನಲ್ಲಿ ಮನುಷ್ಯರಿಗೆ ತಗುಲಿತು. 18 ಜನರಿಗೆ ಸೋಂಕು, ಆರು ಸಾವು. ಮೊದಲು ಸತ್ತದ್ದು ಮೂರು ವರ್ಷದ ಮಗು. ಡಿಸೆಂಬರ್ ಕೊನೆಯಲ್ಲಿ ಅಲ್ಲಿನ ಆಡಳಿತ ಕೆಲವೇ ದಿನಗಳಲ್ಲಿ ಸುಮಾರು 15 ಲಕ್ಷ ಕೋಳಿಗಳನ್ನು ಕೊಲ್ಲಿಸಿತು. ಅದಕ್ಕಿಂತ ಹೆಚ್ಚು ದೂರದೃಷ್ಟಿಯ ಕೆಲಸ ಆ ಮೇಲೆ ನಡೆಯಿತು. ಬಾತು, ಹೆಬ್ಬಾತುಗಳನ್ನು ಕೋಳಿಗಳ ಜೊತೆ ಒಂದೇ ಅಂಗಡಿಯಲ್ಲಿ ಜೀವಂತ ಇಟ್ಟು ಮಾರುವುದನ್ನು ನಿಲ್ಲಿಸಿ, ಅವುಗಳನ್ನು ಬೇರೆಯೇ ಕಡೆ ಕಡಿದು ಮಾಂಸವನ್ನಷ್ಟೇ ಪೇಟೆಗೆ ಬಿಟ್ಟರು. ಬಾತನ್ನು ಮೂಲವೆಂದು ಗುರುತಿಸಿ ಕೈಗೊಂಡ ಮೊದಲ ದೊಡ್ಡ ಕ್ರಮ ಇದೇ ಎನ್ನಬಹುದು.

2002ರ ಕೊನೆಗೆ ಹಾಂಗ್‌ಕಾಂಗ್‌ನ ಉದ್ಯಾನಗಳ ಕೊಳಗಳಲ್ಲಿ ನೀರುಹಕ್ಕಿಗಳೇ ಸತ್ತವು. ಫ್ಲೂ ಬಾತುಗಳನ್ನು ಕೊಲ್ಲುವುದಿಲ್ಲ ಎಂಬ ಹಳೆಯ ನಂಬಿಕೆ ಅಲ್ಲಿಗೆ ಸಡಿಲವಾಯಿತು. ಆದರೆ ಎರಡು ವರ್ಷದೊಳಗೆ ಚಿತ್ರ ಮತ್ತೆ ತಿರುಗಿತು. 2003–04ರಲ್ಲಿ ಥಾಯ್ಲೆಂಡ್, ವಿಯೆಟ್ನಾಂಗಳಿಗೆ ಹರಡಿದ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬಾತುಗಳಿಗೆ ಕೊಟ್ಟು ನೋಡಿದಾಗ, ಕೋಳಿಯನ್ನು ಕೊಲ್ಲುವ ಅದೇ ವೈರಸ್ಸನ್ನು ಕೆಲವು ಬಾತುಗಳು 17 ದಿನಗಳವರೆಗೂ ಹೊರಹಾಕುತ್ತ ಆರಾಮವಾಗಿದ್ದವು. ಸಾಯುವ ಬಾತಿಗಿಂತ ಸಾಯದ ಬಾತು ಹೆಚ್ಚು ಅಪಾಯಕಾರಿ. ಸತ್ತ ಹಕ್ಕಿ ಎಚ್ಚರಿಕೆ ಕೊಡುತ್ತದೆ, ಚೆನ್ನಾಗಿರುವ ಹಕ್ಕಿ ಯಾರ ಗಮನಕ್ಕೂ ಬಾರದೆ ಊರಿಂದೂರಿಗೆ ರೋಗ ಒಯ್ಯುತ್ತದೆ. 2004ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾಕು ಬಾತುಗಳ ಬಗ್ಗೆ ಎಚ್ಚರಿಕೆ ನೀಡಿದ್ದು ಇದೇ ಕಾರಣಕ್ಕೆ.

ಥಾಯ್ಲೆಂಡಿನ ಅನುಭವವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅಲ್ಲಿನ ಮಧ್ಯಬಯಲಿನಲ್ಲಿ ನೀರಾವರಿ ಚೆನ್ನಾಗಿದೆ. ವರ್ಷಕ್ಕೆ ಎರಡು ಬೆಳೆ, ಕೆಲವೆಡೆ ಮೂರು. ಅಂದರೆ ಯಾವ ತಿಂಗಳು ನೋಡಿದರೂ ಎಲ್ಲೋ ಒಂದು ಕಡೆ ಕೊಯ್ಲಾದ ಗದ್ದೆ ಇದ್ದೇ ಇರುತ್ತದೆ. ಸಾವಿರಗಟ್ಟಲೆ ಬಾತುಗಳ ಹಿಂಡನ್ನು ಲಾರಿಗೆ ತುಂಬಿ, ಒಂದು ಗದ್ದೆ ಮುಗಿದೊಡನೆ ಇನ್ನೊಂದಕ್ಕೆ, ಒಂದು ಪ್ರಾಂತದಿಂದ ಮತ್ತೊಂದಕ್ಕೆ ಒಯ್ಯುವ ಕಸುಬು ಬೆಳೆದದ್ದು ಹೀಗೆ. 1980ರ ದಶಕದಲ್ಲಿ ದಕ್ಷಿಣ ಅಮೆರಿಕದಿಂದ ತಿನ್ನಲೆಂದು ತಂದ ಒಂದು ಜಾತಿಯ ಬಸವನಹುಳು ಏಷ್ಯಾದ ಗದ್ದೆಗಳಿಗೆ ಪಿಡುಗಾಗಿತ್ತು. ಬಾತುಗಳು ಅದನ್ನು ತಿನ್ನುತ್ತಿದ್ದುದರಿಂದ ಗದ್ದೆಯ ಒಡೆಯನಿಗೂ ಸಂತೋಷ. ಎಲ್ಲರಿಗೂ ಲಾಭವಿದ್ದ ಈ ವ್ಯವಸ್ಥೆಯಲ್ಲಿ 2004ರಲ್ಲಿ ಒಂದು ಕೋಟಿಗೂ ಮಿಕ್ಕಿ ಬಾತುಗಳಿದ್ದವು.

ಆ ವರ್ಷ ಜನವರಿಯಲ್ಲಿ ರೋಗ ಇರುವುದನ್ನು ಥಾಯ್ ಸರ್ಕಾರ ಒಪ್ಪಿಕೊಂಡಿತು. ಅದಕ್ಕೆ ಮುಂಚೆ ವಾರಗಟ್ಟಲೆ ಕೋಳಿಗಳು ಸಾಯುತ್ತಿದ್ದುದನ್ನು ಬೇರೆ ರೋಗವೆಂದು ಹೇಳಲಾಗಿತ್ತು. ಕೋಳಿಮಾಂಸ ರಫ್ತಿನಲ್ಲಿ ಮುಂಚೂಣಿಯಲ್ಲಿದ್ದ ದೇಶಕ್ಕೆ ಒಪ್ಪಿಕೊಳ್ಳುವುದು ಎಷ್ಟು ಕಷ್ಟವೆಂದು ಊಹಿಸಬಹುದು. ಆರು ಕೋಟಿಗೂ ಹೆಚ್ಚು ಹಕ್ಕಿಗಳು ಹೋದವು. ಆದರೂ ಮಳೆಗಾಲದಲ್ಲಿ ರೋಗ ಮರುಕಳಿಸಿತು. ಆಗ ಅಕ್ಟೋಬರ್‌ನಲ್ಲಿ ‘ಎಕ್ಸ್-ರೇ’ ಎಂಬ ಹೆಸರಿನಲ್ಲಿ ಮನೆಮನೆ ತಪಾಸಣೆ ನಡೆಯಿತು. ಅದರ ಅಂಕಿಅಂಶಗಳನ್ನು ಮಾರಿಯಸ್ ಗಿಲ್ಬರ್ಟ್ ಮತ್ತು ಸಂಗಡಿಗರು ನಕ್ಷೆಗೆ ಹಾಕಿ 2006ರಲ್ಲಿ ಪ್ರಕಟಿಸಿದ ಫಲಿತಾಂಶ ಸರಳವಾಗಿತ್ತು. ರೋಗ ಕಂಡ ಜಾಗಗಳು ಕೋಳಿಗಳು ಹೆಚ್ಚಿರುವ ಜಾಗಗಳೊಂದಿಗೆ ಅಷ್ಟಾಗಿ ಹೊಂದಲಿಲ್ಲ. ಅಲೆಮಾರಿ ಬಾತುಗಳು ಮತ್ತು ಎರಡು-ಮೂರು ಬೆಳೆ ತೆಗೆಯುವ ಭತ್ತದ ಗದ್ದೆಗಳೊಂದಿಗೆ ಚೆನ್ನಾಗಿ ಹೊಂದಿದವು. ಹಸಿರು ಕ್ರಾಂತಿಯ ಅಲ್ಪಾವಧಿ ತಳಿ, ಕಾಲುವೆ, ಲಾರಿ ಇವೆಲ್ಲ ಸೇರಿ ಹಳೆಯ ಗದ್ದೆ-ಬಾತು ಸಂಬಂಧವನ್ನು ಎಡೆಬಿಡದ ಸಂಚಾರವನ್ನಾಗಿ ಮಾಡಿದ್ದವು. ಹಳೆಯ ಪದ್ಧತಿಯೇ ದೋಷಿ ಎಂದು ಬೆರಳು ತೋರಿಸುವವರು ಈ ಅಂಶವನ್ನು ಮರೆಯುತ್ತಾರೆ.

ಸರ್ಕಾರ ಹಿಂಡುಗಳ ಸಂಚಾರಕ್ಕೆ ತಡೆ ಹಾಕಿ, ಬಾತುಗಳನ್ನು ಕೊಟ್ಟಿಗೆಯಲ್ಲಿ ಕೂಡಿಹಾಕಿ ಸಾಕಬೇಕೆಂದು ವಿಧಿಸಿತು. ಕೊಟ್ಟಿಗೆಯಲ್ಲಿ ಕೂಡಿದ ಬಾತಿಗೆ ಮೇವು ಕೊಳ್ಳಬೇಕು. ಗದ್ದೆಯ ಪುಕ್ಕಟೆ ಕಾಳನ್ನು ನಂಬಿ ಬದುಕಿದ್ದವರಲ್ಲಿ ಅನೇಕರು ಕಸುಬು ಬಿಟ್ಟರು. ವಿಯೆಟ್ನಾಂ 2005ರಲ್ಲಿ ಹೊಸದಾಗಿ ಬಾತು ಮರಿ ಮಾಡಿಸುವುದನ್ನೇ ನಿಷೇಧಿಸಿ, ಜೊತೆಗೆ ಕೋಳಿ, ಬಾತು ಎರಡಕ್ಕೂ ಲಸಿಕೆ ಹಾಕಲು ಹೊರಟಿತು. ನಿಷೇಧ ಎರಡು ವರ್ಷ ಇತ್ತು.

ಅದೇ 2005ರ ಬೇಸಿಗೆಯಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಸಾವಿರಾರು ಕಾಡುಹಕ್ಕಿಗಳು ಸತ್ತವು. ಸತ್ತವುಗಳಲ್ಲಿ ಹೆಚ್ಚಿನವು ಪಟ್ಟೆತಲೆಯ ಹೆಬ್ಬಾತುಗಳು. ಚಳಿಗಾಲದಲ್ಲಿ ಹಿಮಾಲಯ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ, ಮೈಸೂರು ಸುತ್ತಿನ ಕೆರೆಗಳಿಗೆ ಬರುವುದು ಇದೇ ಜಾತಿಯ ಹಕ್ಕಿ. ಆ ಮೇಲೆ ವೈರಸ್ ಪಶ್ಚಿಮಕ್ಕೆ ಹಾರಿ ಯುರೋಪು, ಆಫ್ರಿಕಗಳನ್ನು ಮುಟ್ಟಿತು. ಅಂದಿನಿಂದ ಒಂದು ವಾದ ನಿಂತಿಲ್ಲ. ಕಾಡುಹಕ್ಕಿ ರೋಗ ತಂದಿತೋ, ಸಾಕುಹಕ್ಕಿ ಅದಕ್ಕೆ ಕೊಟ್ಟಿತೋ? 2014ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗೊಚಾಂಗ್‌ನ ಬಾತು ಸಾಕಣೆಯೊಂದರಲ್ಲಿ ಎಚ್5ಎನ್8 ಎಂಬ ಹೊಸ ಬಗೆ ಕಂಡಾಗ ಅಲ್ಲಿಗೆ ಸಮೀಪದ ಜಲಾಶಯದಲ್ಲಿ ಬೈಕಲ್ ಬಾತುಗಳೂ ಸತ್ತುಬಿದ್ದಿದ್ದವು. ಸಾಕಣೆಯವರು ಆಕಾಶಕ್ಕೆ ಬೆರಳು ತೋರಿಸಿದರೆ, ಪಕ್ಷಿಪ್ರಿಯರು ಸಾಕಣೆಯ ಕಡೆ ತೋರಿಸಿದರು. ಎರಡೂ ಕಡೆ ಸತ್ಯಾಂಶವಿದೆ. 1996ರ ವೈರಸ್ ಸಾಕಿದ ಹೆಬ್ಬಾತಿನಲ್ಲಿ ಕಂಡದ್ದು. ಮಾರಕ ರೂಪಕ್ಕೆ ಅದು ತಿರುಗಿದ್ದು ಮನುಷ್ಯ ಸಾಕಿದ ಹಕ್ಕಿಗಳ ನಡುವೆ. ಆದರೆ ಒಮ್ಮೆ ಕಾಡುಹಕ್ಕಿಗೆ ಹಿಂದಿರುಗಿ ಹೋದಮೇಲೆ ಅದು ಖಂಡಾಂತರ ಹಾರಿದ್ದು ರೆಕ್ಕೆಯ ಮೇಲೆಯೇ. ಹಿಂಡು, ಮೊಟ್ಟೆಯ ತಟ್ಟೆ, ಲಾರಿಯ ಚಕ್ರ, ಮರಿ ಮಾರುವವನ ಬುಟ್ಟಿ ಇವು ಹತ್ತಿರದ ಪಯಣಕ್ಕೆ ಸಾಕು.

ಭಾರತಕ್ಕೆ ರೋಗ ಬಂದದ್ದು 2006ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದ ನವಾಪುರದ ಕೋಳಿ ಶೆಡ್ಡುಗಳಿಗೆ. 2008ರಲ್ಲಿ ಪಶ್ಚಿಮ ಬಂಗಾಳದಲ್ಲಿ ಹಿತ್ತಲಿನ ಕೋಳಿ-ಬಾತುಗಳಿಗೆ ಹರಡಿ ಸುಮಾರು 40 ಲಕ್ಷ ಹಕ್ಕಿಗಳನ್ನು ಕೊಲ್ಲಬೇಕಾಯಿತು. ಕರ್ನಾಟಕದಲ್ಲಿ ಮೊದಲು ಸುದ್ದಿಯಾದದ್ದು 2012ರ ಅಕ್ಟೋಬರ್‌ನಲ್ಲಿ, ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ. ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯ ಆವರಣದಲ್ಲಿ ಟರ್ಕಿ ಕೋಳಿಗಳು ಸತ್ತವು. ಖಾಕಿ ಕ್ಯಾಂಪ್‌ಬೆಲ್ ಎಂಬ ಹೆಚ್ಚು ಮೊಟ್ಟೆಯಿಡುವ ಬಾತಿನ ತಳಿಯನ್ನು ಬೆಳೆಸಿ ಹಂಚುವ ಕೇಂದ್ರವೂ ಇದ್ದುದು ಅದೇ ಹೆಸರಘಟ್ಟದಲ್ಲಿ. ಕರ್ನಾಟಕದಲ್ಲಿ ಬಾತು ಸಾಕಣೆ ದೊಡ್ಡ ಉದ್ಯಮವಲ್ಲ. ಆದರೂ ತುಂಗಭದ್ರಾ ಅಚ್ಚುಕಟ್ಟಿನಂಥ ಕಡೆಗಳಲ್ಲಿ ಕೊಯ್ಲಾದ ಗದ್ದೆಗೆ ಬಾತುಗಳ ಹಿಂಡು ಹೊಡೆದುಕೊಂಡು ಬಂದು ಬದುವಿನ ಮೇಲೆ ಗುಡಾರ ಹಾಕುವವರನ್ನು ನೋಡಿದವರಿಗೆ ಥಾಯ್ಲೆಂಡಿನ ಕಥೆ ಅಪರಿಚಿತ ಎನಿಸದು.

ಕುಟ್ಟನಾಡಿನಲ್ಲಿ ಈ ಬಗೆಯ ಬಾಳ್ವೆ ಅತ್ಯಂತ ದಟ್ಟವಾಗಿದೆ. ಅಲ್ಲಿನ ನಾಟಿ ತಳಿಗಳಿಗೆ ಚಾರ, ಚೆಂಬಲ್ಲಿ ಎಂಬ ಹೆಸರುಗಳಿವೆ. ಪುಂಜ ಬೆಳೆ ಕೊಯ್ದಮೇಲೆ ಹಿಂಡುಗಳನ್ನು ಗದ್ದೆಗಿಳಿಸುತ್ತಾರೆ, ಅಲ್ಲಿನ ಕಾಳು ಮುಗಿದರೆ ಪಾಲಕ್ಕಾಡಿಗೆ, ಅಲ್ಲಿಂದ ತಮಿಳುನಾಡಿಗೂ ಒಯ್ಯುತ್ತಾರೆ. ವೇಂಬನಾಡು ಸರೋವರಕ್ಕೆ ಚಳಿಗಾಲದಲ್ಲಿ ವಲಸೆ ಬಾತುಗಳು ಬರುತ್ತವೆ. ಸಾಕುಬಾತು, ಕಾಡುಬಾತು ಒಂದೇ ನೀರಿನಲ್ಲಿ. ರೋಗಕ್ಕೆ ಬೇಕಾದದ್ದೆಲ್ಲ ಇಲ್ಲಿದೆ. 2016ರ ಅಕ್ಟೋಬರ್‌ನಲ್ಲಿ ಬಂದದ್ದು ಎಚ್5ಎನ್8. 2021ರ ಜನವರಿಯಲ್ಲಿ ನೆಡುಮುಡಿ, ತಕಳಿ, ಪಳ್ಳಿಪ್ಪಾಡ್, ಕರುವಾಟ್ಟಗಳಲ್ಲಿ ಮತ್ತೆ ಅದೇ. ಆ ವರ್ಷದ ಡಿಸೆಂಬರ್‌ನಲ್ಲಿ ಎಚ್5ಎನ್1. 2024ರ ಏಪ್ರಿಲ್‌ನಲ್ಲಿ ಎಡತ್ವಾ ಮತ್ತು ಚೆರುತನ ಪಂಚಾಯಿತಿಗಳ ಬಾತುಗಳಲ್ಲಿ ಕಾಣಿಸಿಕೊಂಡು ಆಮೇಲೆ ಬೇರೆಡೆಗೂ ಹರಡಿತು. ಈ ಸಾವುಗಳಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಥಾಯ್ ಬಾತುಗಳು ಸುಮ್ಮನೆ ರೋಗ ಹೊತ್ತು ತಿರುಗಿದರೆ, ಕುಟ್ಟನಾಡಿನ ಬಾತುಗಳು ಕಣ್ಣೆದುರೇ ಸತ್ತವು. ಯಾವ ವೈರಸ್, ಬಾತಿನ ವಯಸ್ಸೆಷ್ಟು ಎಂಬುದರ ಮೇಲೆ ಇದು ಬದಲಾಗುತ್ತದೆ. ಮರಿಗಳು ಬೇಗ ಸಾಯುತ್ತವೆ, ಬಲಿತವು ತಾಳಿಕೊಳ್ಳುತ್ತವೆ.

2021ರಲ್ಲಿ ಎರಡು ತಿಂಗಳು ಮೀರಿದ ಬಾತಿಗೆ 200 ರೂಪಾಯಿ, ಅದಕ್ಕಿಂತ ಎಳೆಯದಕ್ಕೆ 100, ಮೊಟ್ಟೆಗೆ 5 ರೂಪಾಯಿ ಪರಿಹಾರ ನಿಗದಿಯಾಗಿತ್ತು. ಹಬ್ಬದ ಪೇಟೆಯ ಬೆಲೆಗೆ ಇದು ಸಾಟಿಯಲ್ಲ ಎಂಬುದು ಸಾಕಣೆದಾರರ ದೂರು. ಹಣ ಕೈಗೆ ಬರುವುದು ತಡವಾಗುತ್ತದೆ ಎಂಬುದು ಇನ್ನೊಂದು. ಇದು ಬರಿಯ ನ್ಯಾಯದ ಪ್ರಶ್ನೆಯಲ್ಲ, ರೋಗ ನಿಯಂತ್ರಣದ ಪ್ರಶ್ನೆಯೂ ಹೌದು. ಮೊದಲ ಹತ್ತು ಬಾತು ಸತ್ತಾಗ ಪಶುವೈದ್ಯರಿಗೆ ಹೇಳಿದರೆ ಹಿಂಡೆಲ್ಲ ಹೋಗುತ್ತದೆ, ಅಕ್ಕಪಕ್ಕದವರದೂ ಹೋಗುತ್ತದೆ. ಹೇಳದೆ ಉಳಿದವನ್ನು ಸಿಕ್ಕ ಬೆಲೆಗೆ ಮಾರಿದರೆ ಸಾಲದ ಕಂತಾದರೂ ಕಟ್ಟಬಹುದು. ಆ ಮಾರಾಟದೊಂದಿಗೆ ವೈರಸ್ಸೂ ಇನ್ನೊಂದು ಊರು ಸೇರುತ್ತದೆ. ಬಾಯಿ ಬಿಟ್ಟವನಿಗೆ ನಷ್ಟವಾಗುವ ವ್ಯವಸ್ಥೆಯಲ್ಲಿ ಕಣ್ಗಾವಲು ನಡೆಯುವುದು ಕಷ್ಟ. 2003ರಿಂದ ಈಚೆಗೆ ಎಚ್5ಎನ್1 ಜಗತ್ತಿನಲ್ಲಿ 900ಕ್ಕೂ ಹೆಚ್ಚು ಜನರಿಗೆ ತಗುಲಿ, ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಸತ್ತಿದ್ದಾರೆ. ಭಾರತದ ಮೊದಲ ಸಾವು 2021ರಲ್ಲಿ, ಹರಿಯಾಣದ ಒಬ್ಬ ಬಾಲಕನದು. ಹಾಗಿರುವಾಗ ಉಪೇಕ್ಷೆಯೂ ಸಲ್ಲದು.

ಫ್ರಾನ್ಸ್ ಬೇರೆ ದಾರಿ ಹಿಡಿಯಿತು. ಬಾತಿಗೆ ಬಲವಂತವಾಗಿ ತಿನ್ನಿಸಿ ಅದರ ಕೊಬ್ಬಿದ ಪಿತ್ತಜನಕಾಂಗವನ್ನು ಭಕ್ಷ್ಯವಾಗಿಸುವುದು ಆ ದೇಶದ ನೈಋತ್ಯ ಭಾಗದ ಪ್ರಸಿದ್ಧ ಉದ್ಯಮ. 2016–17ರಲ್ಲಿ ಅಲ್ಲಿಗೆ ರೋಗ ಬಂದು ಲಕ್ಷಗಟ್ಟಲೆ ಬಾತುಗಳನ್ನು ಕೊಂದರು. 2021–22ರ ಚಳಿಗಾಲದಲ್ಲಿ 1,300ಕ್ಕೂ ಹೆಚ್ಚು ಸಾಕಣೆಗಳಲ್ಲಿ ರೋಗ ಕಂಡು ಎಲ್ಲ ಬಗೆಯ ಹಕ್ಕಿಗಳೂ ಸೇರಿ ಎರಡು ಕೋಟಿ ದಾಟಿದವು. ಕೊನೆಗೆ 2023ರ ಅಕ್ಟೋಬರ್‌ನಿಂದ ಸರ್ಕಾರದ ಖರ್ಚಿನ ಬಹುಪಾಲಿನಲ್ಲಿ ಬಾತುಗಳಿಗೆ ಲಸಿಕೆ ಹಾಕತೊಡಗಿದರು. ಲಸಿಕೆ ಹಾಕಿದ ಹಕ್ಕಿಯಲ್ಲಿ ವೈರಸ್ ಅಡಗಿರಬಹುದೆಂದು ಅಮೆರಿಕ ಕೂಡಲೇ ಆಮದಿಗೆ ತಡೆ ಹಾಕಿತು. ಆದರೆ ಮೊದಲ ಚಳಿಗಾಲದಲ್ಲಿ ರೋಗ ಕಂಡದ್ದು ಹತ್ತೇ ಸಾಕಣೆಗಳಲ್ಲಿ. ಆ ವರ್ಷ ಯುರೋಪಿನಲ್ಲೇ ರೋಗ ಕಡಿಮೆಯಿತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಾಗಿದ್ದರೂ ಇಳಿಕೆ ಸಣ್ಣದಲ್ಲ. ಕೊಟ್ಟಿಗೆಯಲ್ಲಿ, ಲೆಕ್ಕಪುಸ್ತಕದಲ್ಲಿ ಇರುವ ಬಾತಿಗೆ ಎರಡು ಸಲ ಸೂಜಿ ಚುಚ್ಚಬಹುದು. ತೋಡಿನಿಂದ ತೋಡಿಗೆ ಈಜುವ ಐದು ಸಾವಿರ ಬಾತುಗಳನ್ನು ಒಂದೊಂದಾಗಿ ಹಿಡಿದು ಚುಚ್ಚುವುದು ಬೇರೆ ಮಾತು. ಭಾರತದ ನೀತಿ ಈ ಮಾರಕ ರೋಗದ ವಿಷಯದಲ್ಲಿ ಲಸಿಕೆಗಿಂತ ಕೊಲ್ಲುವುದನ್ನೇ ನೆಚ್ಚಿಕೊಂಡು ಬಂದಿದೆ.

2024ರ ಆಗಸ್ಟ್ ಕೊನೆಯಲ್ಲಿ ಕೇರಳ ಸರ್ಕಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅಧಿಸೂಚನೆಯೊಂದನ್ನು ಹೊರಡಿಸಿತು. ಇಡೀ ಆಲಪ್ಪುಳ ಜಿಲ್ಲೆಯಲ್ಲಿ, ನೆರೆಯ ಜಿಲ್ಲೆಗಳ ಕೆಲವು ಭಾಗಗಳಲ್ಲಿ ಹೊಸದಾಗಿ ಕೋಳಿ, ಬಾತು ಸಾಕುವಂತಿಲ್ಲ, ಮರಿ ಮಾಡಿಸುವಂತಿಲ್ಲ. ಕೆಲಕಾಲ ಹಿಂಡೇ ಇಲ್ಲದಿದ್ದರೆ ವೈರಸ್ಸಿಗೆ ನೆಲೆ ತಪ್ಪುತ್ತದೆ ಎಂಬುದು ಅದರ ಹಿಂದಿನ ತರ್ಕ. ಗಡುವು ಡಿಸೆಂಬರ್ 31. ಕ್ರಿಸ್‌ಮಸ್ ಆ ಗಡುವಿನ ಒಳಗೇ ಬರುತ್ತಿತ್ತು.